ಕೊಲೊರಾಡೊ ಸ್ಕೀ ತಂಡ: 20 ಪ್ರಶಸ್ತಿ ಗೆದ್ದವರ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಬೋಲ್ಡರ್_ಗಿರೀಶ

ಇಲ್ಲಿ ಬೋಲ್ಡರ್‌ನಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಇಲ್ಲಿನ ಕೊಲೊರಾಡೊ ಯುನಿವರ್ಸಿಟಿಯ ಆಟದ ಮಾತು ಬಂದೇ ಬರುತ್ತದೆ. ಬಂದರೆ ಕೋಚ್ ಡಿಯಾನ್ ಸ್ಯಾಂಡರ್ಸ್, ಅಮೆರಿಕನ್ ಫುಟ್‌ಬಾಲ್, ಟಿಕೆಟ್ ರೇಟು. ಅಲ್ಲಿಗೆ ಮುಗಿಯಿತು. ಆ ಫುಟ್‌ಬಾಲ್ ತಂಡ ರಾಷ್ಟ್ರೀಯ ಪಟ್ಟ ಗೆದ್ದದ್ದು ಒಂದೇ ಸಲ, 1990ರ ಸೀಸನ್‌ನಲ್ಲಿ. ಅದೇ ಕ್ಯಾಂಪಸ್ಸಿನ ಸ್ಕೀ ತಂಡ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಸಂಘಟನೆ) ಪ್ರಶಸ್ತಿ ಗೆದ್ದದ್ದು 20 ಸಲ. ಇಪ್ಪತ್ತನೆಯದು ಬಂದದ್ದು 2024ರಲ್ಲಿ, ಸ್ಟೀಮ್‌ಬೋಟ್ ಸ್ಪ್ರಿಂಗ್ಸ್‌ನಲ್ಲಿ.

1959, 1960ರಲ್ಲಿ ಎರಡು. ಆಮೇಲೆ 1972ರಿಂದ 1979ರವರೆಗೆ ಸತತ ಎಂಟು ವರ್ಷ. ಅದರಲ್ಲಿ 1976ರದ್ದು ಮಾತ್ರ ಡಾರ್ಟ್‌ಮತ್ ಕಾಲೇಜಿನ ಜೊತೆ ಹಂಚಿಕೊಂಡದ್ದು. ಯಾವುದೇ ಆಟದಲ್ಲಿ ಎಂಟು ವರ್ಷ ಬಿಡದೆ ಗೆಲ್ಲೋದು ಸುಮ್ನೆ ಮಾತಲ್ಲ. ನಾಲ್ಕು ವರ್ಷಕ್ಕೆ ಹುಡುಗರು ಡಿಗ್ರಿ ಮುಗಿಸಿ ಹೋಗುತ್ತಾರೆ. ಅಂದರೆ ಎರಡು ಪೂರ್ತಿ ತಲೆಮಾರು ಬದಲಾದರೂ ಗೆಲುವು ನಿಲ್ಲಲಿಲ್ಲ.

ಇದರ ಬಗ್ಗೆ ಗೊತ್ತಿರುವವರು, ರೇಸ್ ನೋಡಿದವರು ಇದ್ದರೆ ಬರೆಯಿರಿ.

ಸುಮಾ_ಹಾಸನ

ಗಿರೀಶ್ ಅವರೇ, ಮೊದಲು ಬೇಸಿಕ್ ಪ್ರಶ್ನೆ. ಸ್ಕೀ ಅಂದರೆ ಬೆಟ್ಟದ ಮೇಲಿಂದ ಜಾರಿಕೊಂಡು ಬರೋದು ಅಂತಷ್ಟೇ ನನಗೆ ಗೊತ್ತು. ಅದು ಒಬ್ಬೊಬ್ಬರೇ ಆಡೋ ಆಟ ಅಲ್ವಾ? ಇದರಲ್ಲಿ ತಂಡ ಗೆಲ್ಲೋದು ಹೇಗೆ?

ಬೋಲ್ಡರ್_ಗಿರೀಶ

ಸುಮಾ ಅವರೇ, ಇದರ ಮಜಾ ಇರೋದೇ ಅಲ್ಲಿ. ಕಾಲೇಜು ಸ್ಕೀಯಲ್ಲಿ ಎರಡು ಬೇರೆ ಬೇರೆ ಆಟಗಳನ್ನು ಒಂದೇ ತಂಡಕ್ಕೆ ಕಟ್ಟಿದ್ದಾರೆ. ಒಂದು ಆಲ್ಪೈನ್. ಅದೇ ನೀವು ಹೇಳಿದ್ದು, ಇಳಿಜಾರಿನಲ್ಲಿ ನೆಟ್ಟ ಗೇಟುಗಳ ನಡುವೆ ತಿರುಗಿ ತಿರುಗಿ ಇಳಿಯೋದು. ಇದರಲ್ಲಿ ಸ್ಲಾಲಮ್, ಜಯಂಟ್ ಸ್ಲಾಲಮ್ ಅಂತ ಎರಡು ರೇಸ್. ಇನ್ನೊಂದು ನಾರ್ಡಿಕ್, ಅಂದರೆ ಕ್ರಾಸ್ ಕಂಟ್ರಿ. ಹಿಮದ ಮೇಲೆ ಕಿಲೋಮೀಟರ್‌ಗಟ್ಟಲೆ ಹತ್ತಿ ಇಳಿದು ಓಡೋದು. ಅದರಲ್ಲಿ ಕ್ಲಾಸಿಕ್ ಒಂದು, ಫ್ರೀಸ್ಟೈಲ್ ಒಂದು. ಹುಡುಗರಿಗೆ ನಾಲ್ಕು, ಹುಡುಗಿಯರಿಗೆ ನಾಲ್ಕು, ಒಟ್ಟು ಎಂಟು ರೇಸ್. ಮಾರ್ಚ್ ಮೊದಲ ಭಾಗದಲ್ಲಿ ನಾಲ್ಕು ದಿನದಲ್ಲಿ ಮುಗಿಯುತ್ತದೆ. ಎಂಟರ ಪಾಯಿಂಟ್ ಕೂಡಿಸಿ ಒಂದೇ ಕಪ್.

ಒಂದು ಕಾಲೇಜಿನಿಂದ ಹೆಚ್ಚೆಂದರೆ 12 ಜನ. ಒಂದೊಂದು ರೇಸಿಗೆ ಮೂವರು. ಆಲ್ಪೈನ್‌ನವರು ಓಡಲ್ಲ, ನಾರ್ಡಿಕ್‌ನವರು ಗೇಟಿಗೆ ಇಳಿಯಲ್ಲ. ಎರಡೂ ಕಡೆ ಬಲ ಇರಬೇಕು. ಬರೀ ಮೂವರೇ ಇರೋದರಿಂದ ಸ್ಲಾಲಮ್‌ನಲ್ಲಿ ಒಬ್ಬ ಗೇಟ್ ತಪ್ಪಿಸಿದನೋ, ಬಿದ್ದನೋ, ಅವನ ಪಾಯಿಂಟ್ ಸೊನ್ನೆ. ಬದಲಿ ಆಟಗಾರ ಅಂತ ಇಲ್ಲ. ಹಾಗಾಗಿ ಕೋಚ್‌ಗೆ ಯಾವಾಗಲೂ ಒಂದೇ ತಲೆನೋವು: ಗೆಲ್ಲೋಕೆ ಹೋಗು ಅನ್ನಬೇಕಾ, ಬೀಳದೆ ಬಾ ಅನ್ನಬೇಕಾ?

ಡೆನ್ವರ್_ರಘು

20 ಅಂತ ಕುಣಿಯಬೇಡಿ ಗಿರೀಶಣ್ಣ. ಮೂವತ್ತು ಮೈಲಿ ಆಚೆ ಡೆನ್ವರ್ ಯುನಿವರ್ಸಿಟಿಯ ಕಪಾಟಿನಲ್ಲಿ 24 ಇದೆ. :)

ಎನ್‌ಸಿಎಎ ಈ ಚಾಂಪಿಯನ್‌ಶಿಪ್ ಶುರು ಮಾಡಿದ್ದು 1954ರಲ್ಲಿ, ನೆವಾಡಾದ ರೀನೋದಲ್ಲಿ. ಮೊದಲ ಕಪ್ ಗೆದ್ದದ್ದು ನಮ್ಮ ಡೆನ್ವರ್. ಮೊದಲ ನಾಲ್ಕು ವರ್ಷವೂ ನಾವೇ. ಮತ್ತೆ 1961ರಿಂದ 1967ರವರೆಗೆ ಏಳು ವರ್ಷ ಬಿಡದೆ. ಅದೆಲ್ಲ ವಿಲಿ ಶೇಫ್ಲರ್ ಅನ್ನೋ ಒಬ್ಬರ ಕಾಲ. ಜರ್ಮನಿಯ ಬವೇರಿಯಾದವರು. 1948ರಿಂದ 1970ರವರೆಗೆ ಡೆನ್ವರ್ ಕೋಚ್ ಆಗಿದ್ದು 13 ಪ್ರಶಸ್ತಿ ತಂದುಕೊಟ್ಟರು. 1960ರ ಸ್ಕ್ವಾ ವ್ಯಾಲಿ ಒಲಿಂಪಿಕ್ಸ್‌ನಲ್ಲಿ ಸ್ಕೀ ಸ್ಪರ್ಧೆಗಳ ಉಸ್ತುವಾರಿ ಅವರದೇ. ಡೆನ್ವರ್ ಬಿಟ್ಟ ಮೇಲೆ ಅಮೆರಿಕದ ರಾಷ್ಟ್ರೀಯ ತಂಡಕ್ಕೂ ಕೋಚ್ ಆದರು. ಶಿಸ್ತು ಅಂದರೆ ಶಿಸ್ತು. ಹುಡುಗರು ಹೆದರುತ್ತಿದ್ದರಂತೆ.

ನೀವು ಶೇಫ್ಲರ್ ಹೆಸರೆತ್ತದೆ ಕಾಲೇಜು ಸ್ಕೀ ಚರಿತ್ರೆ ಶುರು ಮಾಡಿದರೆ ಹೇಗೆ?

ಕೀರ್ತಿ_ಎಂಎಸ್

ರಘು ಸರ್, ಶೇಫ್ಲರ್ ಹೆಸರೆತ್ತಿದರೆ ಬಾಬ್ ಬೀಟಿ ಹೆಸರನ್ನೂ ಎತ್ತಬೇಕಾಗುತ್ತದೆ. ನಾನು ಇಲ್ಲಿ ಬೋಲ್ಡರ್‌ನಲ್ಲೇ ಓದುತ್ತಿದ್ದೇನೆ, ಹಾಗಾಗಿ ಪಕ್ಷಪಾತ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಬೀಟಿ ಬಂದದ್ದು ವರ್ಮಾಂಟ್‌ನ ಮಿಡಲ್‌ಬರಿ ಕಾಲೇಜಿನಿಂದ. ಐವತ್ತರ ದಶಕದ ಕೊನೆಗೆ ಕೊಲೊರಾಡೊ ತಂಡ ಕೈಗೆ ತೆಗೆದುಕೊಂಡರು. ಡೆನ್ವರ್‌ನವರು ನಾರ್ವೆಯಿಂದ ಹುಡುಗರನ್ನು ಕರೆತಂದು ಗೆಲ್ಲುತ್ತಿದ್ದ ಕಾಲ ಅದು. ಆಗ ಡೌನ್‌ಹಿಲ್, ಸ್ಲಾಲಮ್, ಕ್ರಾಸ್ ಕಂಟ್ರಿ ಜೊತೆಗೆ ಸ್ಕೀ ಜಂಪಿಂಗ್ ಕೂಡ ಇತ್ತು. ಜಂಪಿಂಗ್, ಕ್ರಾಸ್ ಕಂಟ್ರಿ ಎರಡರಲ್ಲೂ ನಾರ್ವೆಯವರನ್ನು ಮೀರಿಸೋದು ಕಷ್ಟ. ಬೀಟಿ ಮಾತ್ರ ಅಮೆರಿಕದ ಹುಡುಗರನ್ನೇ ಕಟ್ಟಿಕೊಂಡು 1959, 1960ರಲ್ಲಿ ಗೆದ್ದರು. ಇಬ್ಬರು ಕೋಚ್‌ಗಳಿಗೂ ಆಗಿಬರುತ್ತಿರಲಿಲ್ಲ.

1961ರಿಂದ ಬೀಟಿ ರಾಷ್ಟ್ರೀಯ ಆಲ್ಪೈನ್ ತಂಡಕ್ಕೂ ಕೋಚ್. ಬೋಲ್ಡರ್ ಆಗ ಅರ್ಧ ರಾಷ್ಟ್ರೀಯ ಶಿಬಿರ ಇದ್ದ ಹಾಗೆ. ಬಿಲಿ ಕಿಡ್, ಜಿಮ್ಮಿ ಹ್ಯೂಗಾ, ಬಡ್ಡಿ ವರ್ನರ್, ಬಿಲ್ ಮರೋಲ್ಟ್ ಎಲ್ಲ ಇಲ್ಲಿ ಓದಿದ ಸ್ಕೀ ಆಟಗಾರರೇ. 1964ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನ ಸ್ಲಾಲಮ್‌ನಲ್ಲಿ ಕಿಡ್‌ಗೆ ಬೆಳ್ಳಿ, ಹ್ಯೂಗಾಗೆ ಕಂಚು. ಅಮೆರಿಕದ ಗಂಡಸರಿಗೆ ಆಲ್ಪೈನ್ ಸ್ಕೀಯಲ್ಲಿ ಅದೇ ಮೊದಲ ಒಲಿಂಪಿಕ್ ಪದಕಗಳು. ಎರಡೂ ಒಂದೇ ದಿನ, ಒಂದೇ ರೇಸಿನಲ್ಲಿ. ಎರಡು ವರ್ಷ ಕಳೆದ ಮೇಲೆ, 1966ರಲ್ಲಿ, ಫ್ರೆಂಚ್ ಪತ್ರಕರ್ತ ಸೆರ್ಜ್ ಲಾಂಗ್, ಫ್ರೆಂಚ್ ಕೋಚ್ ಒನೊರೆ ಬೊನೆ ಜೊತೆ ಕೂತು ಸ್ಕೀ ವರ್ಲ್ಡ್ ಕಪ್ ಅನ್ನೋದನ್ನೇ ಹುಟ್ಟುಹಾಕಿದವರು ಇದೇ ಬೀಟಿ.

ಸುಮಾ_ಹಾಸನ

ಬಡ್ಡಿ ವರ್ನರ್ ಯಾರು? ಆ ಹೆಸರು ಎಲ್ಲೋ ಬೆಟ್ಟಕ್ಕೆ ಇಟ್ಟಿದ್ದಾರೆ ಅಂತ ನೆನಪು.

ಕೀರ್ತಿ_ಎಂಎಸ್

ಹೌದು ಅಕ್ಕ, ಸ್ಟೀಮ್‌ಬೋಟ್‌ನ ಮೌಂಟ್ ವರ್ನರ್. ಅವರು ಅಲ್ಲೇ ಹುಟ್ಟಿ ಬೆಳೆದವರು. ಯುರೋಪಿನವರ ಮನೆ ಅಂಗಳಕ್ಕೇ ಹೋಗಿ ಅವರನ್ನು ಸೋಲಿಸಿದ ಮೊದಲ ಅಮೆರಿಕನ್ನರಲ್ಲಿ ಒಬ್ಬರು. ಒಲಿಂಪಿಕ್ಸ್ ಮಾತ್ರ ಕೈಹಿಡಿಯಲಿಲ್ಲ. 1960ರ ಒಲಿಂಪಿಕ್ಸ್ ಕಾಲು ಮುರಿದು ತಪ್ಪಿತು. 1964ರಲ್ಲಿ ಪದಕ ಬರಲಿಲ್ಲ. ಇನ್ಸ್‌ಬ್ರುಕ್ ಮುಗಿದು ಎರಡು ತಿಂಗಳು ಆಗಿತ್ತು ಅಷ್ಟೆ. ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್ ಹತ್ತಿರ ಒಂದು ಸ್ಕೀ ಚಿತ್ರದ ಶೂಟಿಂಗ್ ನಡೆಯುವಾಗ ಹಿಮಕುಸಿತಕ್ಕೆ ಸಿಕ್ಕಿ ಹೋಗಿಬಿಟ್ಟರು. 28 ವರ್ಷ.

ಜಿಮ್ಮಿ ಹ್ಯೂಗಾ ಕಥೆಯೂ ಸುಲಭದ್ದಲ್ಲ. 1970ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರಗಳ ಕಾಯಿಲೆ ಇದೆ ಅಂತ ಗೊತ್ತಾಯಿತು. ಆ ಕಾಲದ ಡಾಕ್ಟರುಗಳು ಈ ಕಾಯಿಲೆಯವರಿಗೆ ದಣಿಯಬೇಡಿ, ಸುಮ್ಮನೆ ಮಲಗಿರಿ ಅನ್ನುತ್ತಿದ್ದರು. ಅವರು ಕೇಳಲಿಲ್ಲ. ತಾವೇ ವ್ಯಾಯಾಮ ಶುರು ಮಾಡಿದರು, ಆಮೇಲೆ ಬೇರೆಯವರಿಗೂ ಕಲಿಸೋಕೆ ಒಂದು ಕೇಂದ್ರ ಕಟ್ಟಿದರು. 2010ರವರೆಗೂ ಬದುಕಿದ್ದರು. ನನ್ನನ್ನು ಕೇಳಿದರೆ ಆ ಕಂಚಿನ ಪದಕಕ್ಕಿಂತ ಇದು ದೊಡ್ಡದು.

ಮಡಿಕೇರಿ_ಪೊನ್ನಪ್ಪ

ಒಂದು ಸಣ್ಣ ಸೇರ್ಪಡೆ. ಅದೇ 1964ರ ಇನ್ಸ್‌ಬ್ರುಕ್‌ನಲ್ಲಿ ಭಾರತದ ಪರವಾಗಿಯೂ ಒಬ್ಬರು ಡೌನ್‌ಹಿಲ್‌ಗೆ ಇಳಿದಿದ್ದರು. ಜೆರೆಮಿ ಬುಜಾಕೋವ್ಸ್ಕಿ. ಪೋಲಿಷ್ ಮೂಲದವರು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಕ್ರೀಡಾಪಟು ಅವರೇ. ತಂಡ ಅಂದರೆ ಅವರೊಬ್ಬರೇ!

ಕಿರಣ್_ಸಾಲ್ಟ್‌ಲೇಕ್

ಹಳೆಯ ಕಥೆ ಚೆನ್ನಾಗಿದೆ. ಈಗಿನದಕ್ಕೆ ಬರೋಣ. ಇವತ್ತು ಕೊಲೊರಾಡೊ, ಡೆನ್ವರ್, ನಮ್ಮ ಯೂಟಾ, ಯಾವುದೇ ತಂಡದ ಪಟ್ಟಿ ತೆಗೆಯಿರಿ. ನಾರ್ವೆ, ಸ್ವೀಡನ್, ಜರ್ಮನಿ, ಜೆಕ್. ಅಮೆರಿಕದ ಹೆಸರು ಹುಡುಕಬೇಕು. ನಾನು ಯೂಟಾ ಕಡೆಯವನೇ, 2021, 2022, 2023 ಮೂರೂ ವರ್ಷ ಗೆದ್ದಾಗ ಖುಷಿಪಟ್ಟವನೇ. ಆದರೂ ಒಂದು ಪ್ರಶ್ನೆ ಕಾಡುತ್ತದೆ. ಇಲ್ಲಿನ ಊರಿನ ಮಕ್ಕಳು ಐದನೇ ವಯಸ್ಸಿನಿಂದ ಸ್ಕೀ ಕ್ಲಬ್ಬಿಗೆ ಹೋಗುತ್ತಾರೆ. ಅಪ್ಪ ಅಮ್ಮ ವರ್ಷವರ್ಷ ಸಾವಿರಾರು ಡಾಲರ್ ಸುರಿಯುತ್ತಾರೆ. ಹದಿನೆಂಟಕ್ಕೆ ಕಾಲೇಜು ತಂಡದ ಬಾಗಿಲು ತಟ್ಟಿದರೆ ಅಲ್ಲಿ ಇಪ್ಪತ್ತೊಂದರ ನಾರ್ವೆ ಹುಡುಗ ನಿಂತಿರುತ್ತಾನೆ. ಸ್ಕಾಲರ್‌ಶಿಪ್ ಅವನಿಗೆ. ಇದು ಸರಿನಾ?

ಡೆನ್ವರ್_ರಘು

ಕಿರಣ್, ಇದು ಹೊಸ ಪ್ರಶ್ನೆಯೇ ಅಲ್ಲ. ಶೇಫ್ಲರ್, ಬೀಟಿ ಜಗಳವಾಡಿದ್ದೂ ಇದಕ್ಕೇ. ನಮ್ಮ ಕಡೆಯ ಉತ್ತರ ಆಗಲೂ ಒಂದೇ, ಈಗಲೂ ಒಂದೇ. ಯುನಿವರ್ಸಿಟಿ ಅಂದ ಮೇಲೆ ಒಳ್ಳೆಯ ವಿದ್ಯಾರ್ಥಿ ಎಲ್ಲಿಂದ ಬಂದರೂ ಸೇರಿಸಿಕೊಳ್ಳಬೇಕು. ನಾವೆಲ್ಲ ಇಲ್ಲಿಗೆ ಬಂದಿದ್ದು ಹೇಗೆ? ಎಂಎಸ್‌ಗೆ ಬಂದ ನಮಗೆ ಲ್ಯಾಬಿನಲ್ಲಿ ಫಂಡಿಂಗ್ ಕೊಟ್ಟಾಗ ಇಲ್ಲಿನ ಹುಡುಗರ ಸೀಟು ಹೋಯಿತು ಅಂತ ನಾವು ಅತ್ತಿದ್ದೇವಾ?

ಲೈಫ್ ಕ್ರಿಸ್ಟಿಯಾನ್ ಹೌಗೆನ್ ನೋಡಿ. ನಾರ್ವೆಯಿಂದ ಡೆನ್ವರ್‌ಗೆ ಬಂದು ಓದುತ್ತಾ ರೇಸ್ ಮಾಡಿದ. 2017ರ ವಿಶ್ವ ಚಾಂಪಿಯನ್‌ಶಿಪ್‌ನ ಜಯಂಟ್ ಸ್ಲಾಲಮ್‌ನಲ್ಲಿ ಕಂಚು ಗೆದ್ದ. ಅಂಥವನ ಪಕ್ಕದಲ್ಲಿ ದಿನಾ ಪ್ರಾಕ್ಟೀಸ್ ಮಾಡಿದ ಅಮೆರಿಕದ ಹುಡುಗನಿಗೆ ನಷ್ಟವಾ?

ಕಿರಣ್_ಸಾಲ್ಟ್‌ಲೇಕ್

ಪಕ್ಕದಲ್ಲಿ ಪ್ರಾಕ್ಟೀಸ್ ಮಾಡೋಕೆ ತಂಡದೊಳಗೆ ಜಾಗ ಸಿಗಬೇಕಲ್ಲ ರಘು ಸರ್. ಅದೇ ನನ್ನ ತಕರಾರು. ಲ್ಯಾಬಿನಲ್ಲಿ ಇನ್ನೊಂದು ಕುರ್ಚಿ ಹಾಕಬಹುದು. ಇಲ್ಲಿ ಒಂದು ರೇಸಿಗೆ ಮೂರೇ ಜಾಗ.

ಬೋಲ್ಡರ್_ಗಿರೀಶ

ಕಿರಣ್ ಮಾತಿನಲ್ಲಿ ತೂಕ ಇದೆ. ಆದರೂ ನಾನು ರಘು ಕಡೆಗೇ ವಾಲುತ್ತೇನೆ. ಕಾರಣ ಪಾಲಾ ಮೋಲ್ಟ್‌ಜನ್. ಮಿನ್ನೆಸೋಟದ ಹುಡುಗಿ. 2016ರಲ್ಲಿ ರಾಷ್ಟ್ರೀಯ ತಂಡ ಕೈಬಿಟ್ಟಿತು. ಮುಂಚೆ ಆಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ವರ್ಮಾಂಟ್ ಯುನಿವರ್ಸಿಟಿಗೆ ಸೇರಿದಳು. 2017ರಲ್ಲಿ ಎನ್‌ಸಿಎಎ ಸ್ಲಾಲಮ್ ಗೆದ್ದಳು. ಅಲ್ಲಿಂದ ಮತ್ತೆ ವರ್ಲ್ಡ್ ಕಪ್‌ಗೆ ಹತ್ತಿ 2025ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜಯಂಟ್ ಸ್ಲಾಲಮ್ ಕಂಚು ತಂದಳು. ಕಾಲೇಜು ರೇಸ್ ಸಪ್ಪೆಯಾಗಿದ್ದರೆ ಅಲ್ಲಿ ಕೂತು ಯಾರೂ ವಾಪಸ್ ಬರುವಷ್ಟು ವೇಗ ಗಳಿಸುತ್ತಿರಲಿಲ್ಲ. ಸಪ್ಪೆ ಆಗದೆ ಉಳಿದದ್ದು ಹೊರಗಿನವರು ಬಂದದ್ದಕ್ಕೆ.

ಇನ್ನು ನಮ್ಮ ತಂಡವನ್ನು ಇಷ್ಟು ವರ್ಷ ಕಾಪಾಡಿದ್ದೇ ಒಬ್ಬ ಹೊರಗಿನವರು. ರಿಚರ್ಡ್ ರೋಕೋಸ್. ಕಮ್ಯುನಿಸ್ಟ್ ಆಡಳಿತದ ಜೆಕೊಸ್ಲೊವಾಕಿಯಾದಿಂದ 1980ರಲ್ಲಿ ಸಂಸಾರ ಸಮೇತ ತಪ್ಪಿಸಿಕೊಂಡು ಬಂದವರು. ಮೊದಲು ಇಲ್ಲಿ ಅಸಿಸ್ಟೆಂಟ್ ಕೋಚ್. 1990ರಲ್ಲಿ ಹೆಡ್ ಕೋಚ್ ಆಗಿ ಮರುವರ್ಷವೇ ಕಪ್ ಗೆದ್ದರು. 2021ರಲ್ಲಿ ನಿವೃತ್ತಿ ಆಗುವಷ್ಟರಲ್ಲಿ ಎಂಟು ಕಪ್: 1991, 1995, 1998, 1999, 2006, 2011, 2013, 2015. ಬಿಲ್ ಮರೋಲ್ಟ್ ಕೋಚ್ ಆಗಿ ಏಳು ವರ್ಷದಲ್ಲಿ ಏಳು ಗೆದ್ದರು ನಿಜ, 1972ರಿಂದ 1978. ಆದರೆ ಅದು ಬರೀ ಗಂಡಸರ ತಂಡದ ಕಾಲ. ರೋಕೋಸ್ ಕಾಲದಲ್ಲಿ ಪೈಪೋಟಿಗೆ ಡೆನ್ವರ್, ಯೂಟಾ, ವರ್ಮಾಂಟ್, ಡಾರ್ಟ್‌ಮತ್, ನ್ಯೂ ಮೆಕ್ಸಿಕೊ ಎಲ್ಲ ಇದ್ದವು. ಎಲ್ಲವೂ ಒಂದಲ್ಲ ಒಂದು ವರ್ಷ ಗೆದ್ದಿವೆ. ಆ ಗುಂಪಿನಲ್ಲಿ ಎಂಟು ಗೆಲ್ಲೋದು ನನಗೆ ಮರೋಲ್ಟ್ ಏಳಕ್ಕಿಂತ ಜಾಸ್ತಿ ಅನ್ನಿಸುತ್ತದೆ. ಹಳಬರು ಬೈಯಬಹುದು, ಬೈಯಲಿ.

ಸುಮಾ_ಹಾಸನ

ಬರೀ ಗಂಡಸರ ತಂಡ ಅಂದಿರಲ್ಲ, ಹೆಣ್ಣುಮಕ್ಕಳು ಯಾವಾಗ ಬಂದರು?

ಕೀರ್ತಿ_ಎಂಎಸ್

ಅಕ್ಕ, ಎನ್‌ಸಿಎಎ ಕೂಟಕ್ಕೆ ಸೇರಿಸಿದ್ದು 1983ರಲ್ಲಿ. ಅದಕ್ಕೂ ಮುಂಚೆ ಹುಡುಗಿಯರಿಗೆ ಬೇರೆ ಸಂಘಟನೆಯ ಚಾಂಪಿಯನ್‌ಶಿಪ್ ನಡೆಯುತ್ತಿತ್ತು. 1983ರಿಂದ ಪಾಯಿಂಟ್ ಒಟ್ಟಿಗೆ. ಹುಡುಗರ ಕಪ್ ಬೇರೆ, ಹುಡುಗಿಯರ ಕಪ್ ಬೇರೆ ಅಂತ ಇಲ್ಲ. ಒಂದೇ ಕಪ್‌ಗೆ ಇಬ್ಬರೂ ಸರಿಸಮ ದುಡಿಯೋ ಆಟಗಳು ಕಾಲೇಜಿನಲ್ಲಿ ಕಡಿಮೆ. ನನಗೆ ಈ ಆಟ ಇಷ್ಟ ಆಗೋಕೆ ಅದೂ ಒಂದು ಕಾರಣ.

ಆ ಮೊದಲ ವರ್ಷ ಮಹಿಳೆಯರ ಕ್ರಾಸ್ ಕಂಟ್ರಿ ಗೆದ್ದದ್ದು ವರ್ಮಾಂಟ್‌ನ ಬೆತ್ ಹೈಡನ್. 1980ರ ಒಲಿಂಪಿಕ್ಸ್‌ನಲ್ಲಿ ಸ್ಪೀಡ್ ಸ್ಕೇಟಿಂಗ್ ಕಂಚು ಗೆದ್ದಿದ್ದವರು. ಅದೇ ವರ್ಷ ಸೈಕ್ಲಿಂಗ್ ರೋಡ್ ರೇಸಿನಲ್ಲಿ ವಿಶ್ವ ಚಾಂಪಿಯನ್ ಕೂಡ ಆಗಿದ್ದರು. ಮೂರು ಆಟ! ಮೂವತ್ತು ವರ್ಷ ಆದ ಮೇಲೆ, 2013ರಲ್ಲಿ, ಅವರ ಮಗಳು ಜೊವಾನ್ ರೀಡ್ ಕೊಲೊರಾಡೊ ಪರವಾಗಿ 15 ಕಿಲೋಮೀಟರ್ ಫ್ರೀಸ್ಟೈಲ್ ಗೆದ್ದರು. ಕೊಲೊರಾಡೊ ಹಿಂದೆ ಬಿದ್ದು, ಮತ್ತೆ ಎದ್ದು ಬಂದು ಕಪ್ ಎತ್ತಿದ ವರ್ಷ ಅದು. ಜೊವಾನ್ ಆಮೇಲೆ ಬಯಾಥ್ಲಾನ್‌ಗೆ (ಸ್ಕೀ ಜೊತೆ ಬಂದೂಕಿನಿಂದ ಗುರಿ ಹೊಡೆಯೋ ಆಟ) ಹೋಗಿ 2018, 2022ರ ಒಲಿಂಪಿಕ್ಸ್ ಆಡಿದರು.

ಈಗಿನ ಮುಖ್ಯ ಕೋಚ್ ಕೂಡ ಮಹಿಳೆಯೇ. ಜಾನಾ ವೈನ್‌ಬರ್ಗರ್. ಹಿಂದೆ ಇದೇ ತಂಡದಲ್ಲಿ ನಾರ್ಡಿಕ್ ಓಡಿದವರು. ರೋಕೋಸ್ ನಂತರ 2021ರಲ್ಲಿ ಬಂದರು, 2024ರ ಕಪ್ ಅವರ ಕಾಲದ್ದು.

ಕಿರಣ್_ಸಾಲ್ಟ್‌ಲೇಕ್

ಕಪ್ ಮಾತು ಬಂತು ಅಂತ ಹೇಳುತ್ತೇನೆ. 2020ರಲ್ಲಿ ಮೊಂಟಾನಾದ ಬೋಜ್‌ಮನ್‌ನಲ್ಲಿ ಕೂಟ ಅರ್ಧ ನಡೆದಿತ್ತು. ಯೂಟಾ ಮುಂದಿತ್ತು. ಕೋವಿಡ್ ಅಂತ ನಡುವೆಯೇ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸಿದರು. ಆ ವರ್ಷ ವಿಜೇತರೇ ಇಲ್ಲ. ಇನ್ನೂ ಹೊಟ್ಟೆ ಉರಿಯುತ್ತದೆ.

ಅದಕ್ಕಿಂತ ದೊಡ್ಡ ಚಿಂತೆ ಬೇರೆ. ತಂಡಗಳೇ ಕಮ್ಮಿ ಆಗುತ್ತಿವೆ. ನ್ಯೂ ಮೆಕ್ಸಿಕೊ 2004ರಲ್ಲಿ ಗೆದ್ದ ತಂಡ. 2018ರಲ್ಲಿ ಯುನಿವರ್ಸಿಟಿ ಖರ್ಚು ಇಳಿಸಬೇಕು ಅಂತ ಸ್ಕೀಯನ್ನೇ ತೆಗೆದುಹಾಕಿತು. ಅಲಾಸ್ಕಾದ ಆಂಕರೇಜ್‌ನಲ್ಲಿ 2020ರಲ್ಲಿ ಇದೇ ಗತಿ ಬರುವುದರಲ್ಲಿತ್ತು. ಊರಿನವರು, ಹಳೆಯ ವಿದ್ಯಾರ್ಥಿಗಳು ದುಡ್ಡು ಒಟ್ಟು ಮಾಡಿ ಉಳಿಸಿಕೊಂಡರು. ಸ್ಕೀ ಆಟಕ್ಕೆ ಗೇಟ್ ಕಲೆಕ್ಷನ್ ಇಲ್ಲ, ಟಿವಿ ದುಡ್ಡಿಲ್ಲ. ಪ್ರಯಾಣ, ಸಾಮಾನು, ವ್ಯಾಕ್ಸ್ ಎಲ್ಲ ಖರ್ಚೇ ಖರ್ಚು. ಬಜೆಟ್ ಬಿಗಿ ಆದಾಗ ಮೊದಲು ಕತ್ತರಿ ಬೀಳೋದು ಇಂಥ ಆಟಕ್ಕೇ. ಗಿರೀಶ್ ಅವರ ಮೊದಲ ಪ್ರಶ್ನೆಗೆ ನನ್ನ ಉತ್ತರವೂ ಇದೇ. ದುಡ್ಡು ಹರಿಯದ ಕಡೆ ಮಾತೂ ಹರಿಯಲ್ಲ.

ಮಡಿಕೇರಿ_ಪೊನ್ನಪ್ಪ

ವ್ಯಾಕ್ಸ್ ಅಂದಿರಿ. ಅದೇನು? ಯಾಕೆ ಕೇಳಿದೆ ಅಂದರೆ ನಮ್ಮ ಕೊಡಗಿನ ಹುಡುಗಿ ತೆಕ್ಕಡ ಭವಾನಿ ಕ್ರಾಸ್ ಕಂಟ್ರಿ ಸ್ಕೀ ಮಾಡುತ್ತಾಳೆ. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವಳು. ಹಿಮವೇ ಬೀಳದ ಜಿಲ್ಲೆಯಿಂದ ಹೋಗಿ! ಅವಳ ಸುದ್ದಿ ಓದುವಾಗ ಈ ಆಟದ ಒಳಗುಟ್ಟು ಏನೂ ಅರ್ಥ ಆಗಲ್ಲ.

ಕೀರ್ತಿ_ಎಂಎಸ್

ಪೊನ್ನಪ್ಪ ಅಂಕಲ್, ಕ್ರಾಸ್ ಕಂಟ್ರಿಯಲ್ಲಿ ಅರ್ಧ ರೇಸ್ ನಡೆಯೋದು ವ್ಯಾಕ್ಸ್ ರೂಮಿನಲ್ಲೇ. ಫ್ರೀಸ್ಟೈಲ್ ಅಂದರೆ ಸ್ಕೇಟಿಂಗ್ ಥರ, ಕಾಲನ್ನು ಅತ್ತ ಇತ್ತ ತಳ್ಳಿಕೊಂಡು ಹೋಗೋದು. ಅದಕ್ಕೆ ಸ್ಕೀ ಪೂರ್ತಿ ಜಾರಿದರೆ ಸಾಕು, ಗ್ಲೈಡ್ ವ್ಯಾಕ್ಸ್ ಹಚ್ಚುತ್ತಾರೆ. ಕ್ಲಾಸಿಕ್ ಹಾಗಲ್ಲ. ಹಿಮದಲ್ಲಿ ಕೊರೆದ ಎರಡು ಗೀರಿನೊಳಗೇ ನೇರವಾಗಿ ಹೋಗಬೇಕು. ಏರು ಹತ್ತುವಾಗ ಸ್ಕೀ ಹಿಂದಕ್ಕೆ ಜಾರಬಾರದು, ಇಳಿಯುವಾಗ ಹಿಡಿದುಕೊಳ್ಳಬಾರದು. ಅದಕ್ಕೆ ಪಾದದ ಕೆಳಗಿನ ಭಾಗಕ್ಕೆ ಮಾತ್ರ ಹಿಡಿತದ ವ್ಯಾಕ್ಸ್. ಸ್ಕೀ ನಡುವೆ ಬಿಲ್ಲಿನ ಹಾಗೆ ಬಾಗಿರುತ್ತದೆ. ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ಒದ್ದಾಗ ಮಾತ್ರ ಆ ಭಾಗ ಹಿಮಕ್ಕೆ ತಾಗುತ್ತದೆ. ಹಿಮ ಎಷ್ಟು ತಣ್ಣಗಿದೆ, ಹೊಸದೋ ಹಳೆಯದೋ ಅನ್ನೋದರ ಮೇಲೆ ವ್ಯಾಕ್ಸ್ ಬದಲಾಗುತ್ತದೆ. ಕರಗಿ ಮತ್ತೆ ಗಟ್ಟಿಯಾದ ಹಿಮಕ್ಕೆ ಕ್ಲಿಸ್ಟರ್ ಅಂತ ಒಂದಿದೆ. ಹಲಸಿನ ಮೇಣ ಇದ್ದ ಹಾಗೆ. ಕೈಗೆ, ಬಟ್ಟೆಗೆ, ಗಾಡಿ ಸೀಟಿಗೆ ಎಲ್ಲ ಕಡೆ ಅಂಟುತ್ತದೆ.

ಬೆಳಗ್ಗೆ ಒಂದು ಹದ ನೋಡಿ ಹಚ್ಚಿರುತ್ತಾರೆ. ಹತ್ತು ಗಂಟೆಗೆ ಬಿಸಿಲು ಬಂತೋ, ಲೆಕ್ಕ ತಲೆಕೆಳಗು. ಮುಂಚೆ ಫ್ಲೋರಿನ್ ಇರೋ ವ್ಯಾಕ್ಸ್ ಹಾಕಿ ವೇಗ ತೆಗೆಯುತ್ತಿದ್ದರು. ಅದು ಆರೋಗ್ಯಕ್ಕೂ ಪರಿಸರಕ್ಕೂ ಕೆಟ್ಟದ್ದು ಅಂತ ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ 2023-24ರ ಸೀಸನ್‌ನಿಂದ ಪೂರ್ತಿ ನಿಷೇಧಿಸಿದೆ.

ಹಿಮ ಇಲ್ಲದ ಊರಿನವರೂ ಹಿಮ ಇಲ್ಲದ ತಿಂಗಳುಗಳಲ್ಲಿ ಇಲ್ಲಿನವರೂ ಮಾಡೋ ಅಭ್ಯಾಸ ಒಂದೇ, ರೋಲರ್ ಸ್ಕೀ. ಕೆಳಗೆ ಚಕ್ರ ಇರುತ್ತದೆ, ಡಾಂಬರು ರಸ್ತೆ ಸಾಕು. ಬೇಸಿಗೆಯಲ್ಲಿ ಬೋಲ್ಡರ್ ಸುತ್ತಿನ ಏರು ರಸ್ತೆಗಳಲ್ಲಿ ಇವರನ್ನು ನೋಡಬಹುದು.

ಸುಮಾ_ಹಾಸನ

ಜನವರಿಯಲ್ಲಿ ನಾವು ಬೋಲ್ಡರ್‌ಗೆ ತಮ್ಮನ ಮನೆಗೆ ಬರುತ್ತಿದ್ದೇವೆ. ಒಂದು ರೇಸ್ ನೋಡೋಕೆ ಆಗುತ್ತಾ? ಮಾರ್ಚ್‌ವರೆಗೆ ಇರಲ್ಲ.

ಬೋಲ್ಡರ್_ಗಿರೀಶ

ಮಾರ್ಚ್ ಬೇಕಾಗಿಲ್ಲ. ಜನವರಿ, ಫೆಬ್ರವರಿಯಲ್ಲಿ ಪಶ್ಚಿಮದ ಕಾಲೇಜುಗಳು ವಾರ ಒಂದೊಂದು ಕಡೆ ರೇಸ್ ಮಾಡುತ್ತವೆ. ಮೊಂಟಾನಾ, ಯೂಟಾ, ಅಲಾಸ್ಕಾ, ಕೊಲೊರಾಡೊ. ಮಾರ್ಚ್ ಕೂಟಕ್ಕೆ ಯಾರು ಹೋಗೋದು ಅನ್ನೋದು ಅಲ್ಲೇ ತೀರ್ಮಾನ. ನಮ್ಮ ತಂಡದ ಮನೆ ಅಂಗಳ ಎಲ್ಡೋರಾ. ಬೋಲ್ಡರ್‌ನಿಂದ ಸುಮಾರು 21 ಮೈಲಿ. ಚಳಿಗಾಲದಲ್ಲಿ ಡೌನ್‌ಟೌನ್‌ನಿಂದ ಎನ್‌ಬಿ ಬಸ್ಸೇ ನೆಡರ್‌ಲ್ಯಾಂಡ್ ಮೇಲೆ ಅಲ್ಲಿಗೆ ಹೋಗುತ್ತದೆ. ದಿನಾಂಕಕ್ಕೆ ತಂಡದ ವೇಳಾಪಟ್ಟಿ ನೋಡಿಕೊಳ್ಳಿ. ಹಿಮ ಕೈಕೊಟ್ಟರೆ ಬದಲಾಗುತ್ತಿರುತ್ತದೆ.

ಸ್ಲಾಲಮ್ ಇರುವ ದಿನ ಬನ್ನಿ. ಒಬ್ಬೊಬ್ಬರಿಗೂ ಎರಡು ರನ್, ಎರಡರ ಸಮಯ ಕೂಡಿಸುತ್ತಾರೆ. ಎರಡನೇ ರನ್‌ನಲ್ಲಿ ಮುಂಚೂಣಿಯಲ್ಲಿದ್ದವರ ಸರದಿ ತಿರುಗುಮುರುಗು, ಮೊದಲನೆಯದರಲ್ಲಿ ವೇಗವಾಗಿದ್ದವರು ಆ ಗುಂಪಿನ ಕೊನೆಗೆ ಇಳಿಯುತ್ತಾರೆ. ಹಾಗಾಗಿ ಬೇಗ ಹೊರಡಬೇಡಿ. ಬೋಲ್ಡರ್‌ನಲ್ಲಿ ಬಿಸಿಲಿದೆ ಅಂತ ನಂಬಿಕೊಂಡು ಸ್ವೆಟರ್ ಒಂದರಲ್ಲಿ ಬಂದೀರಿ! ಎಲ್ಡೋರಾ ಇರೋದು ಒಂಬತ್ತು ಸಾವಿರ ಅಡಿ ಮೇಲೆ, ಗಾಳಿ ಸುಯ್ಯೆಂದು ಬೀಸುತ್ತದೆ. ನಿಂತಲ್ಲೇ ಎರಡು ಗಂಟೆ ನಿಲ್ಲಬೇಕು. ಒಳ್ಳೆಯ ಬೂಟು, ದಪ್ಪ ಸಾಕ್ಸ್ ಮುಖ್ಯ. ನೀರು ಜಾಸ್ತಿ ಕುಡಿಯಿರಿ, ಎತ್ತರಕ್ಕೆ ತಲೆ ನೋಯುತ್ತದೆ.

ಡೆನ್ವರ್_ರಘು

ಸುಮಾ ಅವರೇ, ಡೆನ್ವರ್ ತಂಡವೂ ಆ ರೇಸಿಗೆ ಬರುತ್ತದೆ. ಯಾರಿಗೆ ಚಪ್ಪಾಳೆ ತಟ್ಟಬೇಕು ಅಂತ ಗಿರೀಶ್ ಹೇಳಿದ್ದನ್ನು ಕೇಳಬೇಡಿ. ನನ್ನ ಗಾಡಿಯಲ್ಲಿ ಮೂರು ಸೀಟು ಖಾಲಿ ಇರುತ್ತದೆ, ಚಿತ್ರಾನ್ನ ನಾನೇ ತರುತ್ತೇನೆ.

ಕಿರಣ್_ಸಾಲ್ಟ್‌ಲೇಕ್

ಚಿತ್ರಾನ್ನದಲ್ಲಿ ಲಂಚ! ಇದಕ್ಕೂ ಎನ್‌ಸಿಎಎ ನಿಯಮ ಇರಬೇಕು, ಹುಡುಕುತ್ತೇನೆ.